ಬಾಡಿಗೆಯವರು ಬಿಟ್ಟ ಮೇಲೆ ಖಾಲಿ ಬಿದ್ದಿರುವ ಮನೆ: ಮಾರುವ ಮುಂಚೆ ಏನು ಮಾಡಿಸಬೇಕು, ಏನು ಬಿಡಬೇಕು?

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಮನೆ ಇದೆ. 30×40 ಸೈಟು, ಪೂರ್ವಕ್ಕೆ ಬಾಗಿಲು, ಕೆಳಗೊಂದು ಮನೆ, ಮೇಲೊಂದು ಮನೆ. ಕೆಳಗಿನದನ್ನು ಅಪ್ಪ 1991ರಲ್ಲಿ ಕಟ್ಟಿಸಿದರು, ಮೇಲಿನದು ಆಮೇಲೆ ಬಂತು. ನಾವು ಬೆಂಗಳೂರಿಗೆ ಬಂದಾಗಿನಿಂದ ಎರಡನ್ನೂ ಬಾಡಿಗೆಗೆ ಕೊಟ್ಟಿದ್ದೆವು. ಯುಗಾದಿ ಹೊತ್ತಿಗೆ ಇಬ್ಬರೂ ಖಾಲಿ ಮಾಡಿದರು. ಅಪ್ಪ ಈಗಿಲ್ಲ. ಅಮ್ಮ ನನ್ನ ಜೊತೆ ಇದ್ದಾರೆ, ಅಣ್ಣ ಮಸ್ಕತ್‌ನಲ್ಲಿದ್ದಾನೆ. ಮಾರೋಣ ಅಂತ ಮೂವರೂ ಒಪ್ಪಿದ್ದೇವೆ.

ನೋಡಲು ಜನ ಬರುತ್ತಿದ್ದಾರೆ. ಆದರೆ ಒಳಗೆ ಬಂದವರು ಒಂದು ಸುತ್ತು ಹಾಕಿ, "ಆಮೇಲೆ ಫೋನ್ ಮಾಡ್ತೀವಿ" ಅಂತ ಹೊರಡುತ್ತಾರೆ. ಫೋನ್ ಬರುವುದಿಲ್ಲ. ರೇಟಿನ ಮಾತಿಗೇ ಬರುತ್ತಿಲ್ಲ ಅನ್ನುವುದು ನನ್ನ ಚಿಂತೆ.

ಮನೆ ಹೇಗಿದೆ ಅಂದರೆ: ಹಾಲ್‌ನಲ್ಲಿ ಮೊಸಾಯಿಕ್ ನೆಲ, ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ. ಒಂದು ರೂಮಿಗೆ ಬಾಡಿಗೆಯವರೇ ಗಿಳಿ ಹಸಿರು ಬಣ್ಣ ಹೊಡೆಸಿದ್ದಾರೆ. ಗೋಡೆ ತುಂಬಾ ಮೊಳೆ ತೂತು, ಕ್ಯಾಲೆಂಡರ್ ಕರೆ, ಸ್ವಿಚ್ ಬೋರ್ಡ್ ಸುತ್ತ ಕಪ್ಪು. ಹಿಂದಿನ ರೂಮಿನ ಗೋಡೆ ಕೆಳಗಡೆ ಬಿಳಿ ಉಪ್ಪು ಮೇಲೆದ್ದಿದೆ. ಮೇಲಿನ ಮನೆಯ ಸೀಲಿಂಗ್ ಮೂಲೆಯಲ್ಲಿ ಹಳದಿ ಕಲೆ. ಬಾಗಿಲು ತೆಗೆದ ಕೂಡಲೇ ಒಂಥರಾ ವಾಸನೆ.

ಪರಿಚಯದ ಕಂಟ್ರಾಕ್ಟರ್ ಒಬ್ಬರು ಪೂರ್ತಿ ಮನೆಗೆ ವಿಟ್ರಿಫೈಡ್ ಟೈಲ್ಸ್, ಮಾಡ್ಯುಲರ್ ಕಿಚನ್, ಹೊಸ ಬಾತ್‌ರೂಮ್ ಮಾಡಿಸಿ ಅನ್ನುತ್ತಾರೆ. ಅಮ್ಮನಿಗೆ ಒಂದು ರೂಪಾಯಿ ಹಾಕುವುದಕ್ಕೂ ಮನಸ್ಸಿಲ್ಲ. ಎಲ್ಲಿ ಖರ್ಚು ಮಾಡಿದರೆ ಸಾರ್ಥಕ? ಅನುಭವ ಇರುವವರು ದಯವಿಟ್ಟು ಹೇಳಿ.

ವಿಜಯನಗರ 2ನೇ ಹಂತ

ನಿಮ್ಮ ಅಮ್ಮ ಹೇಳುವುದೇ ಸರಿ ಮೇಡಂ. ಕುವೆಂಪುನಗರದಲ್ಲಿ 1200 ಚದರಡಿ ಅಂದರೆ ಜನ ಬೆಲೆ ಕಟ್ಟುವುದು ನೆಲಕ್ಕೆ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಯಾರೂ ದೊಡ್ಡದಾಗಿ ಲೆಕ್ಕ ಹಾಕುವುದಿಲ್ಲ. ತಗೊಂಡವರು ಒಡೆದು ಹೊಸದು ಕಟ್ಟುತ್ತಾರೆ. ಒಡೆಯುವ ಮನೆಗೆ ಯಾಕೆ ಟೈಲ್ಸ್? ಸೈಟ್ ರೇಟಿಗೆ ಸ್ವಲ್ಪ ಸೇರಿಸಿ ಹೇಳಿ, ಕೊಟ್ಟುಬಿಡಿ.

ಹುಡುಕಾಟ ಮುಗೀತು

ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ನಾವು ಹೋದ ವರ್ಷ ಮೈಸೂರಿನಲ್ಲೇ ಹಳೇ ಮನೆ ಕೊಂಡೆವು. ಒಡೆಯುವುದಕ್ಕಲ್ಲ, ಇರುವುದಕ್ಕೆ. ಮಾವನವರಿಗೆ ಕೆಳಗಿನ ಮನೆ, ನಮಗೆ ಮೇಲಿನದು. ನಮ್ಮ ಹಾಗೆ ಹುಡುಕುವವರು ತುಂಬಾ ಇದ್ದಾರೆ. ಒಂದರಲ್ಲಿ ತಾವಿದ್ದು ಇನ್ನೊಂದರ ಬಾಡಿಗೆಯಲ್ಲಿ ಸಾಲದ ಕಂತು ಕಟ್ಟೋಣ ಅನ್ನುವವರೂ ಇದ್ದಾರೆ. ಒಡೆಯುವವರು ಸೈಟಿನ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಾರೆ. ಇರುವವರು ಮನೆಗೆ ದುಡ್ಡು ಕೊಡುತ್ತಾರೆ. ಅಂಥವರನ್ನು ಬಾಗಿಲಲ್ಲೇ ಕಳೆದುಕೊಳ್ಳಬೇಡಿ.

ಕೊಳ್ಳುವವಳಾಗಿ ನನಗೆ ಏನನ್ನಿಸುತ್ತಿತ್ತು ಅಂತ ಹೇಳುತ್ತೇನೆ. ಹಳೇ ಮನೆ ನೋಡಲು ಹೋದಾಗ ಅಂದ ನೋಡುವುದು ಆಮೇಲೆ. ಮೊದಲು ಭಯ. ಎಲ್ಲಿ ಸೋರುತ್ತೆ? ಗೆದ್ದಲು ಇದೆಯಾ? ಯಾಕೆ ಇಷ್ಟು ದಿನ ಖಾಲಿ ಇದೆ? ಏನೋ ಮುಚ್ಚಿಡುತ್ತಿದ್ದಾರಾ? ಸೀಲಿಂಗ್‌ನ ಒಂದು ಹಳದಿ ಕಲೆಗೆ ನನ್ನ ಗಂಡ ತಲೆಯಲ್ಲೇ ಲಕ್ಷಗಳ ಲೆಕ್ಕ ಹಾಕುತ್ತಿದ್ದರು. ನಿಜವಾದ ರಿಪೇರಿ ಅಷ್ಟು ಆಗುತ್ತಲೇ ಇರಲಿಲ್ಲ. ಗೊತ್ತಿಲ್ಲದ ಖರ್ಚು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ ಅಲ್ವಾ?

ಒಂದು ಮನೆಯಲ್ಲಿ ಎಲ್ಲಾ ಹೊಸ ಬಣ್ಣ, ಘಮಘಮ. ಕಬೋರ್ಡ್ ಬಾಗಿಲು ತೆಗೆದರೆ ಹಿಂದಿನ ಗೋಡೆಯಲ್ಲಿ ಬೂಸಲು. ಅಲ್ಲಿಂದ ಸೀದಾ ಹೊರಟೆವು. ಇನ್ನೊಂದು ಕಡೆ ಮನೆಯವರೇ, "ಈ ಗೋಡೆಗೆ ತೇವ ಬರ್ತಿತ್ತು, ಹೊರಗಿನ ಪೈಪ್ ಬದಲಾಯಿಸಿದ್ದೀವಿ, ನೋಡಿ" ಅಂತ ಕರೆದುಕೊಂಡು ಹೋಗಿ ತೋರಿಸಿದರು. ಆ ಮನೆಯನ್ನೇ ಕೊಂಡೆವು.

ಟೈಲ್ಸ್, ಮಾಡ್ಯುಲರ್ ಕಿಚನ್ ಎರಡೂ ಬೇಡ. ನೀವು ಹಾಕಿಸುವ ಟೈಲ್ಸ್ ಕೊಳ್ಳುವವರಿಗೆ ಇಷ್ಟ ಆಗಬೇಕಲ್ಲ. ಆ ದುಡ್ಡನ್ನು ರೇಟಿಗೆ ಸೇರಿಸಿದರೆ, ನಮಗೆ ಬೇಡದ ವಸ್ತುವಿಗೆ ನಾವು ದುಡ್ಡು ಕೊಟ್ಟ ಹಾಗೆ.

ಬಣ್ಣದ ಬುಟ್ಟಿ

ನಾನು ಪೇಂಟಿಂಗ್ ಕಂಟ್ರಾಕ್ಟ್ ಮಾಡುವವನು. ಬಾಡಿಗೆ ಮನೆಗಳೇ ಜಾಸ್ತಿ. ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಕೆಲಸದ ವಿಷಯ ನಾನು ಹೇಳುತ್ತೇನೆ.

ಮೊದಲನೇ ಮಾತು: ಉಪ್ಪೆದ್ದ ಗೋಡೆಗೆ ಪುಟ್ಟಿ ಹಾಕಿಸಬೇಡಿ. ಎಷ್ಟೋ ಜನ ಹಾಕಿಸುತ್ತಾರೆ. ಹೊಡೆದ ದಿನ ಕನ್ನಡಿ ಥರ ಇರುತ್ತದೆ. ಒಳಗೆ ನೀರಿನ ಅಂಶ ಹಾಗೇ ಇರುವುದರಿಂದ ಒಂದು ಮಳೆಗಾಲದೊಳಗೆ ಉಬ್ಬಿ, ಹಪ್ಪಳದ ಹಾಗೆ ಏಳುತ್ತದೆ. ಮನೆ ನೋಡಲು ಜನ ಬರುವ ಹೊತ್ತಿಗೇ ಎದ್ದರೆ ಮರ್ಯಾದೆ ಹೋಯಿತು. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಅದನ್ನು ನಿಲ್ಲಿಸಿ. ಆಮೇಲೆ ಪೊಳ್ಳಾದ ಪ್ಲಾಸ್ಟರ್ ಕೆತ್ತಿ ತೆಗೆಸಿ, ಹೊಸದಾಗಿ ಮಾಡಿಸಿ, ಚೆನ್ನಾಗಿ ಒಣಗಲು ಬಿಡಿ. ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸ್ ಗೋಡೆ ಒಳಗೇ ಹೋಗುತ್ತದೆ.

ಎರಡನೇದು, ಗಿಳಿ ಹಸಿರು. ಅದರ ಮೇಲೆ ಸೀದಾ ತಿಳಿ ಬಣ್ಣ ಹೊಡೆದರೆ ಹಸಿರು ಇಣುಕುತ್ತಲೇ ಇರುತ್ತದೆ. ಉಪ್ಪು ಕಾಗದದಲ್ಲಿ (ಸ್ಯಾಂಡ್‌ಪೇಪರ್) ಉಜ್ಜಿ, ಪ್ರೈಮರ್ ಒಂದು ಕೋಟ್, ಆಮೇಲೆ ಎಮಲ್ಶನ್ ಎರಡು ಕೋಟ್. ಹಳೇ ಡಿಸ್ಟೆಂಪರ್ ಇದ್ದರೆ ಕೆರೆದು ತೆಗೆಯಲೇಬೇಕು. ಬೆರಳಲ್ಲಿ ಗೋಡೆ ಒರೆಸಿ ನೋಡಿ. ಪೌಡರ್ ಥರ ಕೈಗೆ ಅಂಟಿದರೆ ಅದು ಡಿಸ್ಟೆಂಪರ್. ಅದರ ಮೇಲೆ ಯಾವ ಒಳ್ಳೇ ಪೇಂಟೂ ನಿಲ್ಲುವುದಿಲ್ಲ.

ಬಣ್ಣ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಇಡೀ ಮನೆಗೆ ಒಂದೇ ತಿಳಿ ಬಣ್ಣ, ಸೀಲಿಂಗ್‌ಗೆ ಬಿಳಿ. ಹಾಲ್‌ಗೊಂದು, ರೂಮಿಗೊಂದು ಬಣ್ಣ ಹೊಡೆದರೆ ಚಿಕ್ಕ ಮನೆ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಮೊಳೆ ತೂತುಗಳನ್ನು ಮಾತ್ರ ಮರೆಯದೆ ತುಂಬಿಸಿ. ಪೇಂಟರ್‌ಗಳು ಅವಸರದಲ್ಲಿ ತೂತಿನ ಮೇಲೆಯೇ ರೋಲರ್ ಓಡಿಸುತ್ತಾರೆ. ಸಂಜೆ ಲೈಟ್ ಹಾಕಿದರೆ ಒಂದೊಂದೂ ಎದ್ದು ಕಾಣುತ್ತದೆ.

ಇನ್ನೊಂದು. ಕಾಂಪೌಂಡ್ ಮೇಲೆ "ಮನೆ ಬಾಡಿಗೆಗೆ ಇದೆ" ಅಂತ ಬರೆದು ಫೋನ್ ನಂಬರ್ ಹಾಕಿದ್ದರೆ ಮೊದಲು ಅದನ್ನು ಅಳಿಸಿ. ಗೇಟಿಗೆ ಒಂದು ಕೋಟ್ ಪೇಂಟ್. ಜನ ಬೀಗ ತೆಗೆಯುವವರೆಗೂ ಗೇಟಿನ ಮುಂದೆಯೇ ನಿಂತಿರುತ್ತಾರೆ.

ಸಂಪಿಗೆಮರ

ತುಂಬಾ ಉಪಕಾರ ಆಯಿತು. ಬಾಡಿಗೆ ಬರಹ ಕಾಂಪೌಂಡ್ ಮೇಲೆ ಈಗಲೂ ಇದೆ, ಅಳಿಸುತ್ತೇವೆ. ವಾಸನೆ ಬಗ್ಗೆ ಯಾರಾದರೂ ಹೇಳಿ. ಕಿಟಕಿ ತೆಗೆದಿಟ್ಟರೂ ಹೋಗುತ್ತಿಲ್ಲ. ಬಚ್ಚಲ ಕಡೆಯಿಂದ ಬರುತ್ತದೆ. ಜಿರಲೆಯೂ ಇದೆ. ಸೆಪ್ಟಿಕ್ ಟ್ಯಾಂಕ್ ಇಲ್ಲ, ಒಳಚರಂಡಿ ಸಂಪರ್ಕ ಇದೆ.

ಸಿವಿಲ್ ನಿವೃತ್ತ

ಅಮ್ಮಾ, ನಾನು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ವಾಸನೆಗೆ ಔಷಧ ಒಂದು ಬಕೆಟ್ ನೀರು.

ಬಚ್ಚಲಿನ ಜಾಲಿ ಕೆಳಗೆ, ಸಿಂಕ್ ಕೆಳಗೆ, ಕಮೋಡ್ ಒಳಗೆ ಬಾಗಿದ ಒಂದು ಭಾಗ ಇರುತ್ತದೆ. ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಚರಂಡಿಯ ಗಾಳಿ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. ಮನೆಯಲ್ಲಿ ಜನ ಇದ್ದರೆ ದಿನಾ ನೀರು ಬೀಳುತ್ತಿರುತ್ತದೆ. ಖಾಲಿ ಬಿಟ್ಟರೆ ಆ ನೀರು ಒಣಗಿಹೋಗುತ್ತದೆ. ಆಮೇಲೆ ವಾಸನೆಗೂ ಜಿರಲೆಗೂ ಬಾಗಿಲು ತೆರೆದ ಹಾಗೆಯೇ. ಎಲ್ಲಾ ಜಾಲಿಗೂ ನೀರು ಹಾಕಿ. ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿ ನಿಂತರೆ ನೀರು ಬೇಗ ಆರುವುದಿಲ್ಲ. ವಾರಕ್ಕೊಮ್ಮೆ ಯಾರಾದರೂ ಹೋಗಿ ಎಲ್ಲಾ ನಲ್ಲಿ ತಿರುಗಿಸಿ ಬರಲಿ. ಅಷ್ಟಾದ ಮೇಲೂ ವಾಸನೆ ಇದ್ದರೆ ಮಾತ್ರ ಪ್ಲಂಬರ್‌ನನ್ನು ಕರೆಸಿ.

ಸಂಪು ಮತ್ತು ತಾರಸಿ ಟ್ಯಾಂಕ್ ಎರಡನ್ನೂ ಖಾಲಿ ಮಾಡಿಸಿ, ತೊಳೆಸಿ, ಹೊಸ ನೀರು ತುಂಬಿಸಿ. ನಿಂತ ನೀರಿನಲ್ಲಿ ಸೊಳ್ಳೆ ಮರಿ ಇರುತ್ತದೆ. ಸಂಪಿನ ಮುಚ್ಚಳ ತೆಗೆದು ನೋಡುವ ಗಿರಾಕಿಯೇ ನಿಜವಾದ ಗಿರಾಕಿ.

ಈಗ ತಾರಸಿ. ಸೀಲಿಂಗ್ ಕಲೆ ಹಳೆಯದೋ, ಈಗಲೂ ನೀರು ಇಳಿಯುತ್ತಿದೆಯೋ ಅಂತ ನೋಡಿದರೆ ಗೊತ್ತಾಗುವುದಿಲ್ಲ. ತಾರಸಿಯ ನೀರು ಹೋಗುವ ಪೈಪುಗಳ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ ತುರುಕಿ ಮುಚ್ಚಿ. ಎರಡು ಇಂಚು ನೀರು ಕಟ್ಟಿ 48 ಗಂಟೆ ನಿಲ್ಲಿಸಿ. ಕಲೆಯ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದಿಡಿ. ಕಲೆ ಗೆರೆ ದಾಟಿದರೆ ಸೋರುತ್ತಿದೆ ಅಂತ ಅರ್ಥ. ದಾಟದೆ ಒಣಗಿಯೇ ಇದ್ದರೆ ಹಳೇ ಕಲೆ, ಪೇಂಟ್ ಸಾಕು. ಈ ಪರೀಕ್ಷೆ ಮಾಡದೆ ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಅನ್ನುವವರ ಮಾತಿಗೆ ಹೋಗಬೇಡಿ.

ಕಿಟಕಿಗಳ ಮೇಲಿನ ಸಜ್ಜಗಳನ್ನು ಕೆಳಗಿನಿಂದ ನೋಡಿ. 1990ರ ಸುಮಾರಿನ ಮನೆಗಳಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿ, ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕಂಬಿ ಕಾಣುತ್ತಿದ್ದರೆ ಸುಮ್ನೆ ಸಿಮೆಂಟ್ ಮೆತ್ತಿಸಬೇಡಿ. ತುಕ್ಕು ಉಜ್ಜಿ ತೆಗೆದು, ಕಂಬಿಗೆ ತುಕ್ಕು ತಡೆಯುವ ಲೇಪ ಕೊಟ್ಟು, ಆಮೇಲೆ ಮುಚ್ಚಬೇಕು. ಬ್ಯಾಂಕಿನಿಂದ ಬರುವ ಇಂಜಿನಿಯರ್ ಇದನ್ನು ನೋಡಿಯೇ ನೋಡುತ್ತಾರೆ. ಕಟ್ಟಡ ಇನ್ನೆಷ್ಟು ವರ್ಷ ಬಾಳುತ್ತದೆ ಅಂತ ಅವರು ಬರೆಯುವುದರ ಮೇಲೆ ಕೊಳ್ಳುವವರ ಸಾಲ ನಿಂತಿರುತ್ತದೆ.

ಮೀಟರ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸ್ ಇದ್ದರೆ ತೆಗೆಸಿ ಎಂಸಿಬಿ, ಅಂದರೆ ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿಸಿ. ಖರ್ಚು ದೊಡ್ಡದಲ್ಲ, ನೋಡಿದ ತಕ್ಷಣ ವೈರಿಂಗ್ ಮೇಲೆ ನಂಬಿಕೆ ಬರುತ್ತದೆ.

ಕುಂದಾಪ್ರ ಗಾಳಿ

ನಮ್ಮ ಕಡೆ ಮಳೆ ಜಾಸ್ತಿ, ಹಂಚಿನ ಮನೆ. ಒಡೆದ ಹಂಚಿಗಿಂತ ಬಾಗಿಲು ಮುಚ್ಚಿಟ್ಟದ್ದೇ ಮನೆ ಹಾಳು ಮಾಡುತ್ತದೆ. ಅಕ್ಕಪಕ್ಕದ ನಂಬಿಕಸ್ಥರ ಹತ್ತಿರ ಒಂದು ಬೀಗದ ಕೈ ಕೊಟ್ಟಿಡಿ. ಬೆಳಿಗ್ಗೆ ಕಿಟಕಿ ತೆಗೆದು ಸಂಜೆ ಹಾಕಲಿ. ಗೋಡೆ ಕಬೋರ್ಡುಗಳ ಬಾಗಿಲು, ಅಟ್ಟದ ಬಾಗಿಲು ಎಲ್ಲಾ ತೆರೆದೇ ಇರಲಿ. ಮತ್ತೆ ಅಕ್ಕಪಕ್ಕದವರ ಹತ್ತಿರ ಚೆನ್ನಾಗಿ ಮಾತಾಡಿಟ್ಟುಕೊಳ್ಳಿ. ಮನೆ ನೋಡಿದವರು ಆಮೇಲೆ ಒಬ್ಬರೇ ಬಂದು ವಿಚಾರಿಸುವುದು ಅವರನ್ನೇ. "ಯಾಕೆ ಖಾಲಿ ಇದೆ?" ಅಂದಾಗ, "ಮಗಳು ಬೆಂಗಳೂರಲ್ಲಿ, ಮಗ ಹೊರದೇಶದಲ್ಲಿ, ಅದಕ್ಕೆ ಮಾರ್ತಿದ್ದಾರೆ" ಅಂತ ಅವರ ಬಾಯಿಂದ ಬಂದರೆ ಅರ್ಧ ಅನುಮಾನ ಹೋಗುತ್ತದೆ.

ಸಾಧನಕೇರಿ

ಅಕ್ಕಾರ, ನಮ್ಮದು ಧಾರವಾಡ. ಹೋದ ದೀಪಾವಳಿ ಆದ ಮೇಲೆ ನಮ್ಮ ಬಾಡಿಗಿ ಮನೆ ಮಾರಿದ್ವಿ.

ನಿಮ್ಮ ಅಂಗಳದಾಗ ತುಳಸಿ ಕಟ್ಟೆ ಇದ್ದರೆ ಮೊದಲು ಅದನ್ನು ನೋಡಿ. ನಮ್ಮ ಮನೆಯಲ್ಲಿ ತುಳಸಿ ಒಣಗಿ ಕಡ್ಡಿಯಾಗಿ ನಿಂತಿತ್ತು. ಬಂದ ಹೆಣ್ಣುಮಕ್ಕಳೆಲ್ಲ ಅದನ್ನು ನೋಡಿ ಸುಮ್ಮನಾಗುತ್ತಿದ್ದರು. ಹೊಸ ಸಸಿ ಹಚ್ಚಿ, ಕಟ್ಟೆಗೆ ಸುಣ್ಣ ಹೊಡೆಸಿ, ಪಕ್ಕದ ಮನೆಯವರಿಗೆ ದಿನಾ ನೀರು ಹಾಕಲು ಹೇಳಿದೆವು. ಬಾಗಿಲ ಮುಂದೆ ಸಾರಿಸಿ ರಂಗೋಲಿ. ಅಷ್ಟಕ್ಕೇ ಮನೆಗೆ ಕಳೆ ಬಂತು. ಬಾಡಿಗೆಯವರು ಬಿಟ್ಟುಹೋದ ದೇವರ ಫೋಟೊ, ಹಳೇ ಚಾಪೆ, ಒಡೆದ ಬಕೆಟ್ ಇವನ್ನೆಲ್ಲ ತೆಗೆಸಿ. ಬೇರೆಯವರ ದೇವರ ಫೋಟೊ ಗೋಡೆ ಮೇಲಿದ್ದರೆ ಬಂದವರಿಗೆ ಅದು ತಮ್ಮ ಮನೆ ಅನ್ನಿಸುವುದಿಲ್ಲ.

ಪೂರ್ತಿ ಖಾಲಿ ರೂಮು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಮಾತಾಡಿದರೆ ಪ್ರತಿಧ್ವನಿ ಬೇರೆ. ಬೆಡ್‌ರೂಮಿನಲ್ಲಿ ಒಂದು ಮಂಚ ಹಾಕಿ. ಮಂಚ ಹಾಕಿದ ಮೇಲೂ ಬೀರು ಇಡಲು ಜಾಗ ಉಳಿಯುತ್ತದೆ ಅಂತ ಕಣ್ಣಿಗೆ ಕಾಣಬೇಕು. ಹಾಲ್‌ನಲ್ಲಿ ನಾಲ್ಕು ಖುರ್ಚಿ, ಒಂದು ಟೀಪಾಯಿ. ಬಂದವರು ಕೂತರೆ ಮಾತು ಶುರುವಾಗುತ್ತದೆ, ನಿಂತವರು ಹೊರಟುಬಿಡುತ್ತಾರೆ. ಎಲ್ಲಾ ಹೋಲ್ಡರಿಗೂ ಬಲ್ಬ್ ಹಾಕಿ. ಬಾಡಿಗೆಯವರು ಬಲ್ಬು, ಫ್ಯಾನು ಬಿಚ್ಚಿಕೊಂಡು ಹೋಗಿರುತ್ತಾರೆ. ಕತ್ತಲೆ ಬಚ್ಚಲಿಗೆ ಮೊಬೈಲ್ ಟಾರ್ಚ್ ಹಾಕಿ ತೋರಿಸುವ ಪರಿಸ್ಥಿತಿ ಬರಬಾರದು. ಜನ ಬರುವ ಮುಂಚೆ ಸ್ವಲ್ಪ ಸಾಂಬ್ರಾಣಿ ಹೊಗೆ ಹಾಕಿ, ಚಲೋ ಇರ್ತದ.

ಹುಡುಕಾಟ ಮುಗೀತು

ಸಾಂಬ್ರಾಣಿ ವಿಷಯದಲ್ಲಿ ಮಾತ್ರ ನನ್ನದು ಬೇರೆ ಮಾತು. ದಟ್ಟ ವಾಸನೆ ಇದ್ದರೆ ಏನು ಮುಚ್ಚುತ್ತಿದ್ದಾರೆ ಅಂತ ಅನ್ನಿಸುತ್ತದೆ. ನಮಗೆ ಹಾಗೆ ಅನ್ನಿಸಿದ್ದುಂಟು. ಸಿವಿಲ್ ಸರ್ ಹೇಳಿದ ಹಾಗೆ ಜಾಲಿಗೆ ನೀರು ಹಾಕಿ, ಕಿಟಕಿ ತೆಗೆದಿಟ್ಟರೆ ಸಾಕು.

ಅಡುಗೆಮನೆಯದು ಒಂದು ಮಾತು. ಕಡಪ ಕಲ್ಲಿನ ಕಟ್ಟೆ ಹಾಗೇ ಇರಲಿ. ಆದರೆ ಜಿಡ್ಡು ಇರಬಾರದು. ಕಿಟಕಿ ಜಾಲರಿ, ಎಗ್ಸಾಸ್ಟ್ ಫ್ಯಾನ್, ಒಲೆ ಹಿಂದಿನ ಗೋಡೆ ಈ ಮೂರನ್ನು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಉಜ್ಜಿಸಿ. ಬೇರೆ ಮನೆಯವರ ಒಗ್ಗರಣೆ ಜಿಡ್ಡು ಕೈಗೆ ಅಂಟಿದರೆ ಯಾವ ಹೆಂಗಸೂ ಆ ಅಡುಗೆಮನೆಯಲ್ಲಿ ತನ್ನನ್ನು ಊಹಿಸಿಕೊಳ್ಳುವುದಿಲ್ಲ.

ಸಂಪಿಗೆಮರ

ಮೊಸಾಯಿಕ್ ನೆಲ ಮಂಕಾಗಿದೆ. ಕ್ಲೀನಿಂಗ್‌ನವರು ಆಸಿಡ್ ಹಾಕಿ ತೊಳೆಯುತ್ತೇವೆ ಅಂದರು. ಮಾಡಿಸಬಹುದಾ?

ಸಿವಿಲ್ ನಿವೃತ್ತ

ಖಂಡಿತ ಬೇಡ. ಮೊಸಾಯಿಕ್‌ನಲ್ಲಿರುವುದು ಅಮೃತಶಿಲೆಯ ಚೂರು ಮತ್ತು ಸಿಮೆಂಟ್. ಆಸಿಡ್ ಎರಡನ್ನೂ ತಿನ್ನುತ್ತದೆ. ತೊಳೆದ ದಿನ ಬೆಳ್ಳಗೆ ಕಂಡರೂ ಮೇಲ್ಮೈ ತರಿತರಿಯಾಗಿ ಇನ್ನಷ್ಟು ಕೊಳೆ ಹಿಡಿಯುತ್ತದೆ. ನೆಲ ಪಾಲಿಶ್ ಮಾಡುವ ಮೆಷಿನ್‌ನವರನ್ನು ಕರೆಸಿ. ದೊರಗು ಕಲ್ಲಿನಿಂದ ಶುರು ಮಾಡಿ ನಯ ಕಲ್ಲಿನವರೆಗೆ ತಿಕ್ಕಿ ಕೊನೆಗೆ ಪಾಲಿಶ್ ಕೊಡುತ್ತಾರೆ. ಹೊಸ ಟೈಲ್ಸಿನ ಖರ್ಚಿನ ಸಣ್ಣ ಪಾಲು. ಕೆಸರು ನೀರು ಗೋಡೆಗೆ ಸಿಡಿಯುತ್ತದೆ, ಆದ್ದರಿಂದ ಪೇಂಟಿಂಗ್‌ಗೆ ಮುಂಚೆಯೇ ಮಾಡಿಸಿ. ಆ ಕಾಲದ ಮೊಸಾಯಿಕ್ ಗಟ್ಟಿ. ಪಾಲಿಶ್ ಆದ ಮೇಲೆ ಬೆಳಿಗ್ಗೆ ಬಿಸಿಲು ಬಿದ್ದಾಗ ಅದರೊಳಗಿನ ಚೂರುಗಳು ಹೊಳೆಯುವುದನ್ನು ನೀವೇ ನೋಡುತ್ತೀರಿ.

ಕಾಗದಪತ್ರ

ಮನೆ ಬಗ್ಗೆ ಎಲ್ಲಾ ಹೇಳಿದ್ದೀರಿ. ನಾನು ದಾಖಲೆ ಬರೆಯುವ ಕೆಲಸದಲ್ಲಿರುವವನು. ಎಷ್ಟೇ ಬಣ್ಣ ಹೊಡೆದರೂ ಕಾಗದ ಸರಿ ಇಲ್ಲದಿದ್ದರೆ ಗಿರಾಕಿ ಅಡ್ವಾನ್ಸ್ ಕೊಡುವುದಿಲ್ಲ. ಅದೂ ಅಲ್ಲದೆ ಕಾಗದದ ಕೆಲಸಕ್ಕೆ ಪೇಂಟಿಂಗ್‌ಗಿಂತ ಜಾಸ್ತಿ ದಿನ ಬೇಕು. ಅದನ್ನು ಇವತ್ತೇ ಶುರು ಮಾಡಿ.

ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ತಂದೆಯವರ ಹೆಸರಿನಲ್ಲಿದೆ ಅಂದುಕೊಳ್ಳುತ್ತೇನೆ. ಅವರು ವಿಲ್ ಬರೆದಿಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಅಣ್ಣ, ನೀವು ಮೂವರಿಗೂ ಸಮಪಾಲು. ತಂದೆಯವರ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಪಾಲಿಕೆಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಜೊತೆಗೆ ಇ-ಖಾತೆ, ಅಂದರೆ ಅದೇ ಖಾತೆಯ ಡಿಜಿಟಲ್ ರೂಪ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳಿಗೆ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಕೊಳ್ಳುವವರು ಫೋನ್‌ನಲ್ಲಿ ಮೊದಲು ಕೇಳುವುದೇ, "ಇ-ಖಾತೆ ಆಗಿದೆಯಾ?" ಅಂತ.

ಸೈಟಿನ ಮೂಲ ಹಕ್ಕುಪತ್ರ, ಕ್ರಯಪತ್ರ ಹುಡುಕಿಡಿ. ಕುವೆಂಪುನಗರದ ಹಳೇ ಸೈಟುಗಳಲ್ಲಿ ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಬರುವ ಮುಂಚೆ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಹಂಚಿದವೂ ಇವೆ. ಆ ಕಾಗದವನ್ನು ಜೋಪಾನ ಮಾಡಿ. ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರಿಂದ ಈಚಿನದು ಆನ್‌ಲೈನ್ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಮನೆ ಕಟ್ಟಲು ತಂದೆಯವರು ಸಾಲ ಮಾಡಿದ್ದರೆ ತೀರಿದ ಪತ್ರವೂ ಬೇಕು.

ಬಾಡಿಗೆ ಮನೆ ಆಗಿದ್ದರಿಂದ ಇನ್ನೊಂದು ವಿಷಯ ಇದೆ, ಇದನ್ನು ಜನ ಮರೆಯುತ್ತಾರೆ. ಹಳೇ ಬಾಡಿಗೆಯವರಿಂದ, "ಇಂಥ ದಿನ ಮನೆ ಖಾಲಿ ಮಾಡಿದ್ದೇನೆ, ಅಡ್ವಾನ್ಸ್ ಪೂರ್ತಿ ವಾಪಸ್ ಬಂದಿದೆ" ಅಂತ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಯಾವಾಗಲಾದರೂ ಭೋಗ್ಯಕ್ಕೆ (ತಿಂಗಳ ಬಾಡಿಗೆ ಬದಲು ಒಟ್ಟಿಗೆ ದೊಡ್ಡ ಮೊತ್ತ ಪಡೆದು) ಕೊಟ್ಟಿದ್ದರಂತೂ ಇದು ಬೇಕೇ ಬೇಕು. ಭೋಗ್ಯದ ಹಣ ಬಾಕಿ ಇದೆ ಅಂತ ಯಾರಾದರೂ ಆಮೇಲೆ ಬಂದು ನಿಂತರೆ ಅನ್ನುವ ಹೆದರಿಕೆ ಕೊಳ್ಳುವವರಿಗೆ ಇದ್ದೇ ಇರುತ್ತದೆ. ಸೆಸ್ಕ್ ಕರೆಂಟ್ ಬಿಲ್, ವಾಣಿ ವಿಲಾಸ ವಾಟರ್ ವರ್ಕ್ಸ್ ನೀರಿನ ಬಿಲ್ ಎರಡು ಮನೆಯದೂ ಬಾಕಿ ಇಲ್ಲದಂತೆ ಕಟ್ಟಿ. ಕನೆಕ್ಷನ್ ಮಾತ್ರ ತೆಗೆಸಬೇಡಿ.

ಅಣ್ಣ ಬರಲಾಗದಿದ್ದರೆ ಮಸ್ಕತ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ನಿಮಗೋ ತಾಯಿಗೋ ಜಿಪಿಎ (ಅವರ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ಬರೆದು ದೃಢೀಕರಿಸಿ ಕಳಿಸಬಹುದು. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ತೆರಿಗೆ ಬಗ್ಗೆ ಈಗಲೇ ಆಡಿಟರ್ ಹತ್ತಿರ ಮಾತಾಡಿ. ಮನೆ 50 ಲಕ್ಷ ಅಥವಾ ಅದಕ್ಕೂ ಮೇಲೆ ಹೋದರೆ ನಿಮ್ಮ ಮತ್ತು ತಾಯಿಯ ಪಾಲಿನಲ್ಲಿ ಕೊಳ್ಳುವವರು ಶೇ. 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಅನಿವಾಸಿಯಾದ ಅಣ್ಣನ ಪಾಲಿಗೆ ಅದಕ್ಕಿಂತ ತುಂಬಾ ಜಾಸ್ತಿ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು. ಆದರೆ ಅದು ಕ್ರಯಕ್ಕೆ ಮುಂಚೆ ಕೈಯಲ್ಲಿರಬೇಕು.

ರೇಟ್ ಮಾತಾಡುವಾಗ ಇದನ್ನೂ ಗಮನದಲ್ಲಿಡಿ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಕೊಳ್ಳುವವರಿಗೆ ಶೇ. 7.6 ಬೀಳುತ್ತದೆ. ಅಷ್ಟು ಹಣ ಕೈಯಿಂದ ಹೋಗುವಾಗ ಮನೆ ರಿಪೇರಿಗೆ ಅವರ ಹತ್ತಿರ ಜಾಸ್ತಿ ಉಳಿದಿರುವುದಿಲ್ಲ.

ವಿಜಯನಗರ 2ನೇ ಹಂತ

ಕಾಗದದ ವಿಷಯ ಒಪ್ಪಿದೆ. ವಾಸ್ತು ಬಗ್ಗೆ ಯಾರೂ ಹೇಳಲಿಲ್ಲ. ಸಂಪು ಎಲ್ಲಿದೆ, ಅಡುಗೆಮನೆ ಎಲ್ಲಿದೆ?

ಸಂಪಿಗೆಮರ

ಸಂಪು ಈಶಾನ್ಯದಲ್ಲಿದೆ. ಅಡುಗೆಮನೆ ವಾಯವ್ಯದಲ್ಲಿ. ಒಬ್ಬರು ಆಗ್ನೇಯದಲ್ಲಿ ಇಲ್ಲ ಅಂತ ಮುಖ ಸಿಂಡರಿಸಿದರು.

ಸಾಧನಕೇರಿ

ವಾಸ್ತು ಅಂತ ನೀವು ಏನೂ ಒಡೆಸಬೇಡ್ರಿ. ವಾಯವ್ಯದ ಅಡುಗೆಮನೆಗೆ ಒಪ್ಪುವವರು ಬಹಳ ಇದ್ದಾರೆ. ಒಪ್ಪದವರಿಗೆ ಇನ್ನೊಂದು ತಪ್ಪು ಸಿಗುತ್ತದೆ. ಜಾಹೀರಾತಿನಲ್ಲಿ ಪೂರ್ವ ಬಾಗಿಲು, ಈಶಾನ್ಯ ಸಂಪು, ವಾಯವ್ಯ ಅಡುಗೆಮನೆ ಅಂತ ಇದ್ದದ್ದು ಇದ್ದ ಹಾಗೆ ಬರೆದುಬಿಡಿ. ಅದು ಬೇಡದವರು ಬರುವುದೇ ಇಲ್ಲ, ನಿಮ್ಮ ಓಡಾಟ ಉಳಿಯುತ್ತದೆ.

ಫೋಟೊ ನೀವೇ ತೆಗೆಯಿರಿ. ಪೂರ್ವದ ಮನೆ ಅಂದರೆ ಬೆಳಗಿನ ಹೊತ್ತು ಹಾಲ್ ಚಂದ ಕಾಣುತ್ತದೆ. ಮೊಬೈಲ್‌ನ ಅಗಲದ ಲೆನ್ಸ್ ಹಾಕಿ ರೂಮು ದೊಡ್ಡದು ಮಾಡಿ ತೋರಿಸಬೇಡಿ. ಬಂದವರು ಬಾಗಿಲಲ್ಲೇ "ಇಷ್ಟೇನಾ?" ಅಂತಾರೆ. ಮೇಲಿನ ಮನೆಯ ನಲ್ಲಿಯಲ್ಲಿ ನೀರು ಬರುವ ವಿಡಿಯೊ ಒಂದು ಹಾಕಿ. ನಮಗೆ ಬಂದ ಫೋನ್‌ಗಳಲ್ಲಿ ಅರ್ಧ ನೀರಿನ ಬಗ್ಗೆಯೇ ಇತ್ತು.

ಬಣ್ಣದ ಬುಟ್ಟಿ

ಯಾವಾಗ ಮಾಡಿಸುತ್ತೀರಿ? ಈಗ ಆಷಾಢ, ಮನೆ ತಗೊಳ್ಳುವವರು ಕಡಿಮೆ. ಶ್ರಾವಣದಿಂದ ಓಡಾಟ ಶುರು, ನಡುವೆ ಪಿತೃಪಕ್ಷ, ಆಮೇಲೆ ದಸರಾ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಮತ್ತೆ ನಿಲ್ಲುತ್ತದೆ. ಒಳಗಿನ ಕೆಲಸ ಈಗ ಮಾಡಿಸಿ. ಹೊರಗಿನ ಗೋಡೆ ಈಗ ಬೇಡ. ಮೈಸೂರಿಗೆ ಅಕ್ಟೋಬರ್ ಮಳೆ ಜೋರು. ಈಗ ಹೊರಗೆ ಹೊಡೆಸಿದರೆ ದಸರಾ ಹೊತ್ತಿಗೆ ಕಾಂಪೌಂಡ್ ಬುಡದಲ್ಲೆಲ್ಲ ಮಣ್ಣಿನ ಸಿಡಿ. ಸದ್ಯಕ್ಕೆ ಮುಂಭಾಗ ತೊಳೆಸಿ, ಪಾಚಿ ಉಜ್ಜಿಸಿ, ಗೇಟಿಗೆ ಪೇಂಟ್ ಮಾಡಿಸಿ. ದೀಪಾವಳಿವರೆಗೂ ಮಾರಾಟ ಆಗದಿದ್ದರೆ ಆಗ ಹೊರಗೆ ಮಾಡಿಸೋಣ.

ಸಂಪಿಗೆಮರ

ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಟೈಲ್ಸ್ ಇಲ್ಲ, ಕಿಚನ್ ಇಲ್ಲ ಅಂದ ಮೇಲೆ ಅವರಿಗೆ ಸಮಾಧಾನ ಆಯಿತು. ಅಜ್ಜಿ ಅಪ್ಪನಿಗಿಂತ ಮುಂಚೆಯೇ ಹೋದರು, ಹಾಗಾಗಿ ನಾವು ಮೂವರೇ. ಅಣ್ಣ ಜಿಪಿಎ ಬಗ್ಗೆ ವಿಚಾರಿಸುತ್ತಿದ್ದಾನೆ. ಒಂದು ಪ್ರಶ್ನೆ ಉಳಿದಿದೆ. ಮಾರುವವರೆಗೂ ಮೇಲಿನ ಮನೆಗೆ ಯಾರನ್ನಾದರೂ ಬಾಡಿಗೆಗೆ ಹಾಕಿದರೆ ಮನೆ ಬಳಕೆಯಲ್ಲಿರುತ್ತದೆ, ಖರ್ಚಿನ ದುಡ್ಡೂ ಹುಟ್ಟುತ್ತದೆ ಅಂತ ಪಕ್ಕದವರು ಹೇಳುತ್ತಿದ್ದಾರೆ. ಹಾಕಬಹುದಾ?

ಕಾಗದಪತ್ರ

ನನ್ನ ಅಭಿಪ್ರಾಯದಲ್ಲಿ ಬೇಡ. ಕ್ರಯದ ದಿನ ಖಾಲಿ ಮನೆ ಕೈಗೆ ಕೊಡುತ್ತೇವೆ ಅಂತ ಕರಾರಿನಲ್ಲಿ ಬರೆದಿರುತ್ತೀರಿ. ಹೊಸ ಬಾಡಿಗೆಯವರು ಆ ದಿನಕ್ಕೆ ಬಿಡದಿದ್ದರೆ ತೊಂದರೆ ನಿಮಗೆ. ಬ್ಯಾಂಕಿನವರೂ ಕೇಳುತ್ತಾರೆ. ಬಾಡಿಗೆ ಆದಾಯಕ್ಕೆಂದೇ ಕೊಳ್ಳುವವರು ಬಂದರೆ ತಮಗೆ ಬೇಕಾದವರನ್ನು ಅವರೇ ಹಾಕಿಕೊಳ್ಳುತ್ತಾರೆ.

ಹುಡುಕಾಟ ಮುಗೀತು

ಜನ ಇರುವ ಮನೆಯನ್ನು ನೋಡುವುದೂ ಕಷ್ಟ. ಬೀರು ಸರಿಸಿ ಹಿಂದಿನ ಗೋಡೆ ನೋಡಿ ಅಂತ ಹೇಳಲಾಗುವುದಿಲ್ಲ, ಬಚ್ಚಲು ತೆಗೆಯಿರಿ ಅನ್ನಲು ಸಂಕೋಚ. ಖಾಲಿ ಮನೆಯಲ್ಲಿ ಅದೊಂದು ಒಳ್ಳೆಯದು. ಬಂದವರನ್ನು ಸ್ವಲ್ಪ ಹೊತ್ತು ಅವರ ಪಾಡಿಗೆ ಬಿಡಿ. ನೀವು ಅಂಗಳದಲ್ಲಿರಿ. ಗಂಡ ಹೆಂಡತಿ ಮಂಚ ಎಲ್ಲಿ, ಫ್ರಿಜ್ ಎಲ್ಲಿ ಅಂತ ತಮ್ಮಲ್ಲೇ ಮಾತಾಡಿಕೊಳ್ಳಲಿ.

ಸಂಪಿಗೆಮರ

ಸರಿ, ಹಾಕುವುದಿಲ್ಲ.

ತಾರಸಿಗೆ ನೀರು ಕಟ್ಟಿ ನೋಡಿದೆವು. ಜಾಲಿಗಳಿಗೆ ನೀರು, ಎಣ್ಣೆ ಹಾಕಿದ ಮೇಲೆ ವಾಸನೆ ಹೋಗಿದೆ. ಸಿವಿಲ್ ಸರ್, ಸೀಲಿಂಗ್ ಕಲೆ ಪೆನ್ಸಿಲ್ ಗೆರೆ ದಾಟಿ ಒಂದು ಗೇಣು ಮುಂದೆ ಬಂದಿದೆ. ಮಳೆ ನೀರಿನ ಪೈಪ್ ಇಳಿಯುವ ಮೂಲೆಯದೇ. ಬೇರೆಲ್ಲೂ ಇಲ್ಲ. ಹಿಂದಿನ ರೂಮಿನ ಉಪ್ಪಿನ ಗೋಡೆಯೂ ಅದೇ ಪೈಪಿನ ಕೆಳಗೆ ಬರುತ್ತದೆ, ಅದನ್ನು ಈಗಷ್ಟೇ ಗಮನಿಸಿದೆ.

ಸಿವಿಲ್ ನಿವೃತ್ತ

ಒಳ್ಳೇ ಸುದ್ದಿ ಅಮ್ಮಾ. ಎರಡಕ್ಕೂ ಒಂದೇ ಮೂಲ ಇರಬಹುದು. ಪೈಪ್ ಬಾಯಿ ಸುತ್ತ ಒಂದಡಿ ಅಗಲ ಹಳೇ ಗಾರೆ ಕೆತ್ತಿಸಿ, ಕಸ ತೆಗೆದು, ಕುಗ್ಗದ ಗ್ರೌಟ್ ತುಂಬಿಸಿ. ಗೋಡೆ ಮತ್ತು ತಾರಸಿ ಸೇರುವ ಮೂಲೆಗೆ ಇಳಿಜಾರಾಗಿ ಗಾರೆ ಕೊಡಿಸಿ. ಅದರ ಮೇಲೆ ಫೈಬರ್ ಜಾಲರಿ ಇಟ್ಟು ವಾಟರ್‌ಪ್ರೂಫ್ ಲೇಪ ಎರಡು ಕೋಟ್. ಕೆಳಗೆ ಇಳಿಯುವ ಪೈಪಿನ ಜಾಯಿಂಟುಗಳನ್ನು ಒಂದೊಂದಾಗಿ ನೋಡಿಸಿ, ಬಿರುಕಿದ್ದರೆ ಆ ತುಂಡು ಬದಲಾಯಿಸಿ. ಪೈಪಿನ ನೀರು ಗೋಡೆ ಬುಡಕ್ಕೇ ಬೀಳದ ಹಾಗೆ ಚರಂಡಿವರೆಗೆ ಎಳೆಸಿ. ಲೇಪ ಒಣಗಿದ ಮೇಲೆ ಮತ್ತೆ 48 ಗಂಟೆ ನೀರು ಕಟ್ಟಿ. ಕೆತ್ತುವಾಗ, ತುಂಬುವಾಗ, ಕೊನೆಗೆ ನೀರು ನಿಂತಾಗ ಫೋಟೊ ತೆಗೆದಿಡಿ. ಬಂದವರು ಆ ಮೂಲೆ ನೋಡಿದರೆ ಫೋನ್ ತೆಗೆದು ತೋರಿಸಿ.

ಬಣ್ಣದ ಬುಟ್ಟಿ

ಆ ಮೂಲೆ ಪೂರ್ತಿ ಒಣಗುವವರೆಗೂ ಪೇಂಟರ್‌ಗೆ ಏಣಿ ಹತ್ತಲು ಬಿಡಬೇಡಿ ಅಕ್ಕ. ಹಳದಿ ಕಲೆಗೆ ಮೊದಲು ಕಲೆ ತಡೆಯುವ ಪ್ರೈಮರ್ ಬೇಕು, ಇಲ್ಲದಿದ್ದರೆ ಬಿಳಿ ಬಣ್ಣದ ಮೇಲೂ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಆಮೇಲೆ ಆ ರೂಮಿನ ಸೀಲಿಂಗ್ ಒಂದು ಗೋಡೆಯಿಂದ ಇನ್ನೊಂದು ಗೋಡೆವರೆಗೆ ಪೂರ್ತಿ ಹೊಡೆಸಿ. ಮೂಲೆಗಷ್ಟೇ ಪ್ಯಾಚ್ ಹೊಡೆದರೆ ಚೌಕಾಕಾರವಾಗಿ ಎದ್ದು ಕಾಣುತ್ತದೆ.